ಅಕ್ಕ ತಂದಿಟ್ಟ ಕರಿ ಬೆಲ್ಲ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮ ಗದ್ದೆಯ ಅಂಚಿನಲ್ಲೇ ಆಲೆಮನೆ ಇತ್ತು. ಕಬ್ಬು ಅರೆದು, ಅದರ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವ ಜಾಗ ಅದು. ಹಾಲು ಕುದಿಯುವಾಗ ಅಪ್ಪ ಜಜ್ಜಿದ ಬೆಂಡೆ ಗಿಡದ ಲೋಳೆ ಬಿಟ್ಟು ಕೊಳೆ ತೆಗೆಯುತ್ತಿದ್ದ. ಬೇರೇನೂ ಹಾಕುತ್ತಿರಲಿಲ್ಲ. ಅಚ್ಚಿನಿಂದ ಬಿದ್ದ ಬೆಲ್ಲ ಕರ್ರಗಿರುತ್ತಿತ್ತು. ಬಿಸಿಯಿರುವಾಗಲೇ ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಳ್ಳುತ್ತಿದ್ದೆವು. ನಿಮ್ಮ ಚಾಕೊಲೇಟು ಅದರ ಕಾಲ ಧೂಳಿಗೂ ಸಮವಲ್ಲ.

ಒಂದು ದಿನ ಅಕ್ಕನನ್ನು ನೋಡಲು ಮಂಡ್ಯದಿಂದ ಗಂಡಿನ ಕಡೆಯವರು ಬಂದರು. ಗಂಡಿನ ಅಪ್ಪನಿಗೆ ಪೇಟೆಯಲ್ಲಿ ಬೆಲ್ಲದ ಮಂಡಿಯಿತ್ತು. ಈ ಸಂಬಂಧ ಕುದುರಲೇಬೇಕೆಂದು ಅಪ್ಪನಿಗೆ ಬಹಳ ಆಸೆ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮಲ್ಲಿ ಪದ್ಧತಿ. ಅಕ್ಕ ತಟ್ಟೆಯಲ್ಲಿ ನಮ್ಮ ಬೆಲ್ಲವನ್ನೇ ತಂದಿಟ್ಟಳು. ಅವಳ ಮೈಬಣ್ಣವೂ ಆ ಬೆಲ್ಲದ್ದೇ.

ಗಂಡಿನ ಅಪ್ಪ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. ಬಾಯಿಗೆ ಹಾಕಲಿಲ್ಲ. ಮುಖ ಸಿಂಡರಿಸಿ ತಟ್ಟೆಗೆ ಎಸೆದು, ಬೆರಳನ್ನು ಪಂಚೆಗೆ ಒರೆಸಿಕೊಂಡ. ಥೂ, ನೆನೆದರೆ ಈಗಲೂ ಮೈ ಉರಿಯುತ್ತದೆ.

“ಏನ್ ಗೌಡ್ರೆ, ಇಷ್ಟ್ ಕರ್ರಗದೆ? ಔಸ್ದಿ ಪುಡಿ ಹಾಕಿ ಬೆಳ್ಳಗ್ ಮಾಡಿ. ಜನ ಬಣ್ಣ ನೋಡ್ಕಂಡೇ ತಕ್ಕಳಾದು” ಎಂದ.

ಸಂಬಂಧದ ಆಸೆಗೆ ಅಪ್ಪ ಇನ್ನೇನು ತಲೆಯಾಡಿಸುವವನಿದ್ದ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲೇ ನಿಂತು ಅಂದಳು: “ಬಣ್ಣ ನೋಡಿ ಬೆಲ್ಲಾನೇ ಪಕ್ಕಕ್ಕಿಟ್ಟೋರು ನಾಳೆ ನನ್ನೂ ಅಂಗೇ ಇಕ್ತಾರೆ ಕಣಪ್ಪ. ನಾನ್ ಈ ಮನೆಗೆ ಓಗಕಿಲ್ಲ.”

ಅಪ್ಪ ತಟ್ಟೆಯ ಅದೇ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು, “ನಮ್ ಬೆಲ್ಲ ಇಂಗೇ ಇರಾದು. ನೀವಿನ್ನ ಒಲ್ಡಿ” ಎಂದು ಬಾಗಿಲು ತೋರಿಸಿದ. ಮುಂದಿನ ಸಲ ಚಿಕ್ಕರಸಿನಕೆರೆಯಿಂದ ಬಂದ ಗಂಡು ತಟ್ಟೆಯನ್ನೆಲ್ಲ ಖಾಲಿ ಮಾಡಿ ಇನ್ನಷ್ಟು ಕೇಳಿದ. ಅಕ್ಕ ಅವನನ್ನೇ ಮದುವೆಯಾದಳು.

ಇನ್ನು ನಿಮ್ಮ ಕಾಲಕ್ಕೆ ಬರೋಣ. ಮೊನ್ನೆ ಮಂಡ್ಯದ ಆ ಎ.ಸಿ. ಅಂಗಡಿಯಲ್ಲಿ ಎರಡೂ ಥರದ ಬೆಲ್ಲ ಅಕ್ಕಪಕ್ಕದಲ್ಲೇ ಇದ್ದವು. ಯಾರು ಮಾಡಿದ್ದು, ಏನು ಬೆರೆಸಿದ್ದು ಎಂದು ನೀವೂ ಕೇಳಲಿಲ್ಲ, ಓದಿದವನು ಅನ್ನಿಸಿಕೊಂಡ ನಿಮ್ಮಪ್ಪನೂ ಕೇಳಲಿಲ್ಲ. ಹಳದಿಯಾಗಿ ಹೊಳೆಯುತ್ತಿದ್ದುದನ್ನು ತಳ್ಳುಗಾಡಿಗೆ ತುಂಬಿದಿರಿ. ಕರಿಯದನ್ನು ಮುಟ್ಟಿ, ಛೀ ಅಂದು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಿರಿ. ನಾನು ಹಿಂದೆಯೇ ನಿಂತಿದ್ದೆ.

ಭಾನುವಾರ ಚಿಕ್ಕರಸಿನಕೆರೆಯಿಂದ ನಿಮ್ಮ ದೊಡ್ಡಜ್ಜಿ ಬರುತ್ತಾಳೆ. ಅವಳೇ ನಮ್ಮ ಅಕ್ಕ. ಚೀಲದಲ್ಲಿ ಕರಿ ಬೆಲ್ಲ ತಂದೇ ತರುತ್ತಾಳೆ. ಅವಳೆದುರು ಬೆರಳು ಒರೆಸಿಕೊಳ್ಳಿ, ನೋಡೋಣ.