ಲಾರಿ ಲೈನರಿನ ಬ್ರೇಕು, ದೊಡ್ಡಮ್ಮನ ಮಂಡಿ

ನನ್ನ ಟ್ರಕ್ಕಿನ ಸದ್ದು ಕೇಳಿದ ಕೂಡಲೇ ದೊಡ್ಡಮ್ಮ ಮಂಡಿ ಹಿಡಿದುಕೊಂಡು ಎದ್ದು ರಸ್ತೆಯ ಪಕ್ಕಕ್ಕೆ ಸರಿಯುತ್ತಿದ್ದಳು. ಹಾಗೆ ಏಳುವುದನ್ನು ಅವಳಿಗೆ ಬಿಡಿಸಿದ್ದು ನಾನು. ವಾದ ಮಾಡಿ ಮಾಡಿ ಬಿಡಿಸಲು ಎಂಟು ದಿನ ಹಿಡಿಯಿತು.

ಟ್ರಕ್ಕು ಎಂದರೆ ರಿಮೋಟಿನಿಂದ ಓಡಿಸುವ ಟ್ರಕ್ಕು. ಆಟಿಕೆ ಎಂದು ನಗುವವರು ಒಮ್ಮೆ ಎತ್ತಿ ನೋಡಬೇಕು. ತುಂಬಿದ ಬಿಂದಿಗೆಯಷ್ಟು ಭಾರ. ಹೊಟ್ಟೆಯಲ್ಲಿ ಕಳೆ ಕತ್ತರಿಸುವ ಮಷೀನಿಗೆ ಇರುವಂಥದ್ದೇ ಪೆಟ್ರೋಲ್ ಎಂಜಿನ್ನು. ಅಜ್ಜಂಪುರದ ಗೆಳತಿಯೊಬ್ಬಳ ಅಣ್ಣ, ಮದುವೆಯಾದ ಮೇಲೆ ಓಡಿಸಲು ಬಿಡುವಿಲ್ಲ ಎಂದು ನನಗೆ ಕೊಟ್ಟದ್ದು. ಓಡುವುದರಲ್ಲಿ ಅದರದು ತಕರಾರಿಲ್ಲ, ತಕರಾರೆಲ್ಲ ನಿಲ್ಲುವುದರಲ್ಲಿ. ನಡುವಿನ ಶಾಫ್ಟಿಗೆ ಒಂದು ಉಕ್ಕಿನ ಬಿಲ್ಲೆ, ಅದನ್ನು ಎರಡು ಕಡೆಯಿಂದ ಅದುಮುವ ಎರಡು ಪುಟ್ಟ ಪ್ಯಾಡು, ಇಷ್ಟೇ ಅದರ ಬ್ರೇಕು. ರಿಮೋಟಿನಲ್ಲಿ ಬೆರಳು ತೂರಿಸುವ ಗುಂಡಿಯನ್ನು ಎಳೆದರೆ ವೇಗ, ತಳ್ಳಿದರೆ ಬ್ರೇಕು. ಪ್ಯಾಡು ಸವೆದು, ತಳ್ಳಿದ ಮೇಲೂ ಇಪ್ಪತ್ತು ಹೆಜ್ಜೆ ಜಾರಿಯೇ ನಿಲ್ಲುತ್ತಿತ್ತು.

ಹಿರೇನಲ್ಲೂರು ಕಡೆಯ ನಮ್ಮೂರಲ್ಲಿ ಹುರುಳಿ ಕಿತ್ತ ಮೇಲೆ ಟಾರು ರಸ್ತೆಯೇ ಕಣ. ಗಿಡಗಳನ್ನು ರಸ್ತೆಯ ಮೇಲೆ ಹರಡುತ್ತೇವೆ, ಬಸ್ಸು ಟ್ರ್ಯಾಕ್ಟರುಗಳು ಅದರ ಮೇಲೆ ಹಾದುಹೋಗುತ್ತವೆ, ಕಾಳು ಉದುರುತ್ತದೆ. ದೊಡ್ಡಮ್ಮ ಅಂಚಿನಲ್ಲಿ ಕೂತು ಮೊರದಲ್ಲಿ ಕೇರುತ್ತಾಳೆ. ಬಸ್ಸು ಬಂದರೆ ಅವಳು ಏಳುವುದಿಲ್ಲ. ನನ್ನ ಟ್ರಕ್ಕಿಗೆ ಮಾತ್ರ ಏಳುತ್ತಿದ್ದಳು.

"ಬಸ್ಸಲ್ಲಿ ಡ್ರೈವರ್ ಇರ್ತಾನೆ. ಇದ್ರೊಳಗೆ ಯಾರವ್ರೆ? ಖಾಲಿ ಗಾಡಿ ನಂಬ್ಕೊಂಡು ಕೂತ್ಕಳ್ಳನಾ?"

"ಡ್ರೈವರ್ ನಾನೇ ದೊಡ್ಡಮ್ಮ. ಹೊರಗಿದ್ದೀನಿ ಅಷ್ಟೇ."

"ಅದೇ ಕಣೇ ನಾ ಹೇಳೋದು. ಗುದ್ದಿದ್ರೆ ನಿಂಗೇನೂ ಆಗಲ್ವಲ್ಲ."

ಕಡೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಹೋದವಳು ನಾನು. ಎದುರಿನವರ ಮಾತು ನಿಜ ಎನ್ನಿಸಿದ ಕ್ಷಣವೇ ವಿಷಯ ಬದಲಿಸಬೇಕೆಂದು ಅಲ್ಲಿ ಕಲಿತಿದ್ದೆ. ಬದಲಿಸಿದೆ. ಪ್ರಶ್ನೆ ಡ್ರೈವರದಲ್ಲ, ಬ್ರೇಕಿನದು. ಬ್ರೇಕು ಸರಿ ಮಾಡಿಸಿ ಪುರಾವೆ ಸಮೇತ ತೋರಿಸುತ್ತೇನೆ. ಆಮೇಲೆ ನೀನು ಏಳಬೇಕಾಗಿಲ್ಲ, ನಿನ್ನ ಮಂಡಿಗೂ ಒಳ್ಳೆಯದು ಎಂದೆ. ದಿನಾ ಅದನ್ನೇ ಹೇಳಿದೆ.

ತರೀಕೆರೆಯಲ್ಲಿ ಲಾರಿಗಳ ಬ್ರೇಕಿಗೆ ಲೈನರ್ ಹೊಡೆಯುವ ಒಂದು ಅಂಗಡಿಯಿದೆ. ಲೈನರ್ ಎಂದರೆ ಚಕ್ರವನ್ನು ಉಜ್ಜಿ ನಿಲ್ಲಿಸುವ ಗಟ್ಟಿ ಪಟ್ಟಿ. ಅದರದೇ ಒಂದು ಚೂರು ಕತ್ತರಿಸಿ ನನ್ನ ಟ್ರಕ್ಕಿಗೆ ಪ್ಯಾಡು ಮಾಡಿಸುವುದು ನನ್ನ ಉಪಾಯ. ಅಂಗಡಿಯ ಮೇಸ್ತ್ರಿ ಟ್ರಕ್ಕನ್ನು ಮಗುಚಿ ಹಾಕಿ ನೋಡಿದರು.

"ಏನವ್ವಾ, ಈ ಮರಿಗೆ ಲಾರಿ ಲೈನರ್ರಾ?"

"ಹತ್ತು ಟನ್ ನಿಲ್ಸೋದು ಇದನ್ನ ನಿಲ್ಸಲ್ವಾ?"

"ನಿಲ್ಸುತ್ತೆ. ಆದ್ರೆ ಇದು ಕಾದ್ಮೇಲೆ ಕಚ್ಚೋ ಮಾಲು ಕಣವ್ವಾ."

"ಓಡಿದ್ರೆ ಇದೂ ಕಾಯುತ್ತಲ್ಲ?"

"ಕಾಯೋವರ್ಗೂ?"

"ಕತ್ತರಿಸಿ ಕೊಡಿ, ಪರೀಕ್ಷೆ ಮಾಡೇ ನೋಡೋಣ" ಎಂದೆ. ಅಂಗಡಿಯ ಹಿಂದಿನ ಸಿಮೆಂಟು ಅಂಗಳದಲ್ಲಿ ಓಡಿಸುತ್ತ, ನಿಲ್ಲಿಸುತ್ತ, ಸ್ಕ್ರೂ ತಿರುಗಿಸುತ್ತ, ಪ್ಯಾಡಿಗೂ ಬಿಲ್ಲೆಗೂ ನಡುವೆ ಒಂದು ಕಾಗದ ತೂರುವಷ್ಟೇ ಸಂದು ಉಳಿಯುವಂತೆ ಕೂರಿಸಿದೆವು. ಅದಕ್ಕೇ ಒಂದು ಗಂಟೆ ಹೋಯಿತು. ಆಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮೂರು ಸಲ ಜೋರಾಗಿ ಬಿಟ್ಟೆ. ಮೂರು ಸಲವೂ ಗೆರೆಗಿಂತ ಮೊದಲೇ ಗಕ್ಕನೆ ನಿಂತಿತು. ಮೇಸ್ತ್ರಿ ಬಿಲ್ಲೆಯ ಹತ್ತಿರ ಬೆರಳು ತಂದು ಸರಕ್ಕನೆ ಹಿಂದೆಗೆದುಕೊಂಡು ಏನೋ ಹೇಳಲು ಬಾಯಿ ತೆರೆದರು. ನಾನು ಫೋನಿನಲ್ಲಿ ತೆಗೆದ ವಿಡಿಯೊ ನೋಡುತ್ತಿದ್ದೆ.

ಆ ವಿಡಿಯೊವನ್ನು ದೊಡ್ಡಮ್ಮನಿಗೆ ಅಂದು ಸಂಜೆಯೇ ತೋರಿಸಿದೆ. "ಹೋಗ್ಲಿ ಬಿಡು, ಏಳಲ್ಲ" ಎಂದಳು. ಗೆದ್ದೆ.

ಮರುದಿನ ಬೆಳಿಗ್ಗೆ ಚಳಿಯಿತ್ತು. ದೊಡ್ಡಮ್ಮ ಶಾಲು ಹೊದ್ದು, ಕಾಲು ಚಾಚಿ, ಮೊರ ಹಿಡಿದು ಕೂತಿದ್ದಳು. ನಾನು ರಸ್ತೆಯ ಆ ತುದಿಗೆ ಹೋಗಿ ಎಂಜಿನ್ನಿನ ದಾರ ಎಳೆದೆ. ಸದ್ದಿಗೆ ಅವಳ ಒಂದು ಕೈ ಅಭ್ಯಾಸಬಲದಿಂದ ನೆಲಕ್ಕೆ ಊರಿತು. "ಬೇಡ, ಕೂತ್ಕೋ!" ಎಂದು ಕೂಗಿದೆ. ಕೈ ಮತ್ತೆ ಮೊರಕ್ಕೆ ಹೋಯಿತು.

ಹುರುಳಿಯ ಹಾಸು ಶುರುವಾಗುವುದಕ್ಕೆ ಬಹಳ ಮೊದಲೇ ಗುಂಡಿ ತಳ್ಳಿದೆ. ಕಿರ್ರೆಂಬ ಸದ್ದು ಕೇಳಿತು. ವೇಗ ಇಳಿಯಲಿಲ್ಲ. ಇನ್ನೂ ತಳ್ಳಿದೆ. ಟ್ರಕ್ಕು ಹಾಸಿನ ಮೇಲೇರಿತು. ಚಕ್ರ ತಿರುಗಿಸಿದೆ, ಒಣಗಿದ ಬಳ್ಳಿಯ ಮೇಲೆ ಚಕ್ರ ಅಡ್ಡವಾದರೂ ಟ್ರಕ್ಕು ನೇರವಾಗಿಯೇ ಜಾರಿತು, ಅವಳ ಚಾಚಿದ ಕಾಲಿನ ಕಡೆಗೆ. "ಏಳು ದೊಡ್ಡಮ್ಮಾ, ಏಳು!" ಎಂದು ಕೂಗಿದೆ. ಅವಳು ಟ್ರಕ್ಕನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಅಲುಗಲಿಲ್ಲ. ಆ ಮಂಡಿ ನನಗೆ ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತು.

ಎಡಗಡೆಯ ಚಕ್ರಗಳು ಕಾಳಿನ ಗುಡ್ಡೆಯ ಮೇಲೆ ಹತ್ತಿದವು. ಟ್ರಕ್ಕು ವಾಲಿ, ಮೊರವನ್ನು ಅವಳ ಕೈಯಿಂದ ಕಿತ್ತುಕೊಂಡು, ಪಾದದಿಂದ ನಾಲ್ಕು ಬೆರಳು ಆಚೆ ಹಾದು, ಮೈಲಿಗಲ್ಲಿಗೆ ಗುದ್ದಿ ಆರಿತು. ಆಮೇಲೆ ರಸ್ತೆಯ ಮೇಲೆ ಕಾಳು ಉರುಳುವ ಸದ್ದು ಮಾತ್ರ.

ಓಡಿದೆ. ಹತ್ತಿರ ಹೋಗಿ ಹುರುಳಿಯ ಮೇಲೆಯೇ ಕೂತೆ.

"ಯಾಕೇಳ್ಲಿಲ್ಲ? ಅಷ್ಟು ಕೂಗ್ಕೊಂಡೆನಲ್ಲ!"

"ನಿಲ್ಲುತ್ತೆ ಅಂದಿದ್ಯಲ್ಲೇ" ಎಂದಳು. "ಇಷ್ಟು ಓದ್ದೋಳು ಸುಮ್ನೆ ಹೇಳ್ತೀಯಾ ಅಂತ ಕೂತೆ."

ಟ್ರಕ್ಕಿನ ಬಿಲ್ಲೆ ಮುಟ್ಟಿ ನೋಡಿದೆ. ಬಾವಿಯ ನೀರಿನ ಹಾಗೆ ತಣ್ಣಗಿತ್ತು. ಮೂರು ಪರೀಕ್ಷೆಯನ್ನೂ ನಾನು ಒಂದು ಗಂಟೆ ಓಡಿಸಿ ಬಿಲ್ಲೆ ಕಾದ ಮೇಲೆ ಮಾಡಿದ್ದೆ. ಇಂಥ ಪುರಾವೆಯನ್ನು ಎದುರಿನ ತಂಡದವರು ತಂದಿದ್ದರೆ ಒಂದೇ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ. ಇಲ್ಲಿ ಎದುರಿಗಿದ್ದವಳು ದೊಡ್ಡಮ್ಮ. ಹೆದರಿಕೆಯೊಂದೇ ಅವಳ ವಾದವಾಗಿತ್ತು. ಅದನ್ನೂ ನಾನು ಕಿತ್ತುಕೊಂಡಿದ್ದೆ.

ಟ್ರಕ್ಕನ್ನು ಮತ್ತೆ ತರೀಕೆರೆಗೆ ಒಯ್ದೆ. ಮೇಸ್ತ್ರಿ ಬಾಗಿದ ಬಂಪರು ನೋಡಿದವರೇ, "ಕಾಯೋವರ್ಗೂ ಅಂತ ಕೇಳಿದ್ನಲ್ಲವ್ವಾ" ಎಂದಷ್ಟೇ ಹೇಳಿ ಲೈನರಿನ ಚೂರು ಕಿತ್ತೆಸೆದರು. ಸ್ಕೂಟರಿನ ಡಿಸ್ಕ್ ಬ್ರೇಕಿನ ಮೆತ್ತನೆಯ ಪ್ಯಾಡು ಕತ್ತರಿಸಿ ಕೂರಿಸಿದರು. "ಬೆಳಗ್ಗೆ ಮೊದಲ್ನೇ ಸಲಕ್ಕೆ ಎಷ್ಟರಲ್ಲಿ ನಿಲ್ಲುತ್ತೋ, ಅದೇ ಇದ್ರ ಬ್ರೇಕು. ಆಮೇಲಿಂದೆಲ್ಲಾ ಲೆಕ್ಕಕ್ಕಿಲ್ಲ."

ಹತ್ತು ದಿನ ಬೆಳಿಗ್ಗೆ ಮನೆಯ ಹಿಂದೆ, ಗೋಡೆಗೆ ಎದುರಾಗಿ, ತಣ್ಣಗಿರುವಾಗಲೇ ಓಡಿಸಿ ನೋಡಿದೆ. ಹತ್ತು ದಿನವೂ ನಿಂತಿತು. ಹತ್ತು ದಿನವೂ ಗುಂಡಿ ತಳ್ಳುವಾಗ ನನ್ನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ದೊಡ್ಡಮ್ಮನಿಗೆ ಏಳಬೇಕೆಂದು ಹೇಳಿದೆ. ರಿಮೋಟಿನ ಬ್ಯಾಟರಿ ಸಾಯಬಹುದು, ಸ್ಕ್ರೂ ಸಡಿಲವಾಗಬಹುದು, ಬಳ್ಳಿ ಸಿಕ್ಕಿಕೊಳ್ಳಬಹುದು ಎಂದು ವಾದಿಸಿದೆ. ಸ್ಪರ್ಧೆಯಲ್ಲಿ ಎರಡೂ ಕಡೆಗೆ ಮಾತಾಡಿ ಅಭ್ಯಾಸವಿದೆ. ಈ ಸಲ ಹೇಳಿದ್ದೆಲ್ಲ ನಿಜವೇ ಆಗಿತ್ತು.

ಅವಳು ನಕ್ಕಳು. "ಅವತ್ತೊಂದಂತೀಯ, ಇವತ್ತೊಂದಂತೀಯ. ಈಗ ಸರಿ ಮಾಡ್ಸಿದ್ಯಲ್ಲ, ನಾನೇಳಲ್ಲ. ನಂಗೆ ಮಂಡಿ ನೋವು."

ಹುರುಳಿ ಮುಗಿಯುವವರೆಗೂ ಟ್ರಕ್ಕನ್ನು ಎದೆಗೆ ಅವಚಿಕೊಂಡು ಅವಳ ಮುಂದಿನಿಂದ ನಡೆದುಹೋಗುತ್ತಿದ್ದೆ, ಎಂಜಿನ್ ಆರಿಸಿ, ರಿಮೋಟಿನ ಬ್ಯಾಟರಿಯನ್ನೂ ಕಿತ್ತು ಜೇಬಿಗೆ ಹಾಕಿಕೊಂಡು.

"ಯಾಕೇ ಹೊತ್ಕೊಂಡು ಸಾಯ್ತೀಯಾ? ಕೆಳಗೆ ಬಿಡು, ನಿಲ್ಲುತ್ತೆ" ಎನ್ನುತ್ತಿದ್ದಳು ದೊಡ್ಡಮ್ಮ, ಕಾಲು ಚಾಚಿಕೊಂಡೇ.