ಕಣ್ಣೀರು ಸುಳಿಯ ಕುದುರೆ

ನಮ್ಮ ದೊಡ್ಡಪ್ಪನ ಎಡಗಿವಿ ಅರ್ಧವೇ ಇತ್ತು. ಉಳಿದರ್ಧ ಒಂದು ಕುದುರೆಮರಿಯ ಬಾಯಿಗೆ ಹೋಗಿತ್ತು. ಯಾರಾದರೂ ಕೇಳಿದರೆ, "ಕಚ್ಚಿದ್ದಲ್ಲ ಕಣ್ರೀ, ಮುತ್ತು ಕೊಡಕ್ಕೆ ಬಂತು, ವಸಿ ಜೋರಾಗ್ಬುಡ್ತು" ಎಂದು ಮರಿಯ ಪರ ವಹಿಸುತ್ತಿದ್ದರು. ನಮ್ಮ ದೊಡ್ಡಮ್ಮನ ಪರವಾಗಿ ಒಂದು ದಿನವಾದರೂ ಹಾಗೆ ಮಾತಾಡಿದ್ದರೇ? ದೇವರಾಣೆಗೂ ಇಲ್ಲ.

ಬೋಗಾದಿಯಲ್ಲಿ ಸುತ್ತಲೂ ಬಾಡಿಗೆ ಮನೆಗಳು ತಲೆಯೆತ್ತಿದರೂ ನಮ್ಮ ಹಿತ್ತಲಿನ ಲಾಯ ಕದಲಿರಲಿಲ್ಲ. ಅಲ್ಲಿದ್ದವು ದೊಡ್ಡಪ್ಪನ ಅಪ್ಪನ ಕಾಲದಿಂದ ಬಂದ ಟಾಂಗಾ ಕುದುರೆಗಳು. ಗಿಡ್ಡ ಕಾಲು, ಅಗಲ ಬೆನ್ನು, ಕಣ್ಣು ಮುಚ್ಚುವಷ್ಟು ಜೂಲು. ಬೇರೆ ಟಾಂಗಾದವರು ರೇಸಿನಿಂದ ಬಿಟ್ಟ ಸಣಕಲು ಕಾಲಿನ ಕುದುರೆ ತಂದು ಕಟ್ಟಿದರೆ ಇವರಿಗೆ ಮೈಯುರಿ. ಭಾನುವಾರ ಯಾದವಗಿರಿಯವರೆಗೂ ಟಾಂಗಾ ಹೊಡೆದುಕೊಂಡು ಹೋಗಿ, ಕಂಡ ಮಕ್ಕಳನ್ನೆಲ್ಲ ಹತ್ತಿಸಿಕೊಂಡು, "ಓಡೋ ಕುದ್ರೆ ಬೇರೆ, ಎಳಿಯೋ ಕುದ್ರೆ ಬೇರೆ. ಈ ತಳಿ ಓಯ್ತು ಅಂದ್ರೆ ಮತ್ತೆ ಉಟ್ಟಲ್ಲ ಕಣ್ರಪ್ಪ" ಎಂದು ಭಾಷಣ ಬಿಗಿಯುತ್ತಿದ್ದರು.

ಆ ತಳಿಯಲ್ಲಿ ಉಳಿದಿದ್ದ ಗಂಡು ಎರಡೇ. ಒಂದು ಮುದಿಯಾಗುತ್ತಿದ್ದ ಬೀಜದ ಕುದುರೆ, ಇನ್ನೊಂದು ಅದರ ಮರಿ. ಮರಿಯೇನೋ ಚಿನ್ನದಂಥದ್ದು. ಆದರೆ ಒಂದು ಕಣ್ಣಿನ ಕೆಳಗೆ ಕೂದಲು ಸುತ್ತಿಕೊಂಡು ಸುಳಿಯಾಗಿತ್ತು. ಅದು ಕಣ್ಣೀರು ಸುಳಿ, ಅಂಥ ಕುದುರೆ ಕಟ್ಟಿದ ಮನೆಗೆ ಅಳು ತಪ್ಪದು ಎಂಬುದು ಕುದುರೆಯವರ ನಂಬಿಕೆ. "ಅದೇನ್ ಸುಳಿ ಕೇಳ್ಕೊಂಡ್ ಉಟ್ತಾ? ಅದ್ರ ಬೀಜ ತೆಗಿಸ್ಬ್ಯಾಡಿ" ಎಂದು ದೊಡ್ಡಮ್ಮ ಬೇಡಿಕೊಂಡರು. ದೊಡ್ಡಪ್ಪ ಕೇಳಲಿಲ್ಲ. "ಈ ಸುಳಿ ಮರಿಗಳಿಗೂ ಇಳಿದ್ರೆ ನಮ್ ಕುದ್ರೇನ ಯಾರೂ ಮೂಸಲ್ಲ" ಎಂದು ಡಾಕ್ಟರನ್ನು ಕರೆಸಿ ಅದರ ಬೀಜ ತೆಗೆಸಿಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಬೀಜದ ಕುದುರೆ ಹೊಟ್ಟೆಶೂಲೆ ಬಂದು ಸತ್ತಿತು. ಆಗ ಹೆಣ್ಣು ಕುದುರೆಗಳಲ್ಲಿ ಒಂದೂ ಬಸಿರಾಗಿರಲಿಲ್ಲ.

ದೊಡ್ಡಪ್ಪ ಭಾನುವಾರದ ಸವಾರಿ ನಿಲ್ಲಿಸಿದರು. ಸುಳಿಯ ಕುದುರೆಗೆ ಹುರುಳಿ ಇಡುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಅದೋ, ಪಾಪ, ಅವರ ಭುಜಕ್ಕೇ ಮೂತಿ ಉಜ್ಜುತ್ತಿತ್ತು.

ಅಂಥ ದಿನಗಳಲ್ಲೇ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಒಪ್ಪಿದ್ದ, ನಾನೂ ಒಪ್ಪಿದ್ದೆ. ನನ್ನದು ಮೂಲಾ ನಕ್ಷತ್ರ ಎಂದು ಅಮ್ಮ ಹೇಳಿದ್ದೇ ತಡ, ಹುಡುಗನ ತಂದೆ ಕಾಫಿ ಲೋಟ ಕೆಳಗಿಟ್ಟರು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಕೇಡು ಎಂಬ ಮಾತು ಯಾರಿಗೆ ಗೊತ್ತಿಲ್ಲ! ಬಾಗಿಲ ಬಳಿ ಕೂತಿದ್ದ ದೊಡ್ಡಪ್ಪ ಎದ್ದು, ಅವರ ಕೈ ಹಿಡಿದು ಲಾಯಕ್ಕೆ ಕರೆದೊಯ್ದರು. ನಾನೂ ನಾಚಿಕೆ ಬಿಟ್ಟು ಹಿಂದೆಯೇ ಓಡಿದೆ. ದೊಡ್ಡಪ್ಪ ಆ ಸುಳಿಯ ಕುದುರೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು: "ನಾನು ಸುಳಿ ನೋಡ್ದೆ ಕಣ್ರೀ, ಕುದ್ರೆ ನೋಡ್ಲಿಲ್ಲ. ನಮ್ಮಪ್ಪ ಉಳಿಸ್ಕೊಟ್ಟಿದ್ದನ್ನ ಕೈಯಾರೆ ಮುಗಿಸ್ಬುಟ್ಟೆ. ನೀವು ಹುಡುಗೀನ ನೋಡಿ." ಅಷ್ಟು ಹೇಳಿದವರೇ ಗಳಗಳನೆ ಅತ್ತುಬಿಟ್ಟರು.

ಮದುವೆಯಾಯಿತು. ನನ್ನ ಮಾವ ಗುಂಡುಕಲ್ಲಿನ ಹಾಗಿದ್ದಾರೆ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ತಿರುಗುತ್ತಾರೆ. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಅವರ ಲಾಯದಲ್ಲಿ ಮತ್ತೆ ಮರಿ ಹುಟ್ಟಲೇ ಇಲ್ಲ.