ಗಿರಿಜತ್ತೆ ಬರೆಸಿದ ಬೋರ್ಡು

ದಹಿಸರಿನ ನಮ್ಮ ಮನೆಯಲ್ಲಿ ಈಗ ಬೆಳಗಾದರೆ ರಾಗಿ ಹುರಿಯುವ ವಾಸನೆ. ಮಗಳು ನೇತ್ರಾ ಇದ್ದ ಕೆಲಸ ಬಿಟ್ಟು ರಾಗಿಹಿಟ್ಟು ಮಾಡಿ ಇಂಟರ್‌ನೆಟ್ಟಿನಲ್ಲಿ ಮಾರುತ್ತಾಳೆ. ಮಾರುತ್ತಾಳೆ ಎನ್ನುವುದಕ್ಕಿಂತ ಮಾರಲು ಕೂತಿದ್ದಾಳೆ ಎನ್ನಬೇಕು. ಅವಳ ವೆಬ್‌ಸೈಟಿನತ್ತ ಜನ ಸುಳಿಯುವುದೇ ಕಡಿಮೆ. ಕೊಳ್ಳುವವರು ಯಾವ ಮಾತು ಟೈಪ್ ಮಾಡಿ ಹುಡುಕುತ್ತಾರೋ ಅದೇ ಮಾತು ನಿನ್ನ ಪುಟದಲ್ಲಿರಬೇಕು, ಇಲ್ಲದಿದ್ದರೆ ನೀನು ಅವರ ಕಣ್ಣಿಗೇ ಬೀಳುವುದಿಲ್ಲ ಎಂದು ಯಾರೋ ತಿಳಿದವರು ಹೇಳಿದರಂತೆ.

"ಅಪ್ಪಾ, ಲೋಗ್ ಏನಂತ ಹುಡುಕ್ತಾರೆ? ಬತಾವೋ ನಾ," ಅಂದಳು.

ಕಂಪ್ಯೂಟರಿಗೆ ದೂರದಿಂದಲೇ ಕೈಮುಗಿಯುವ ನನ್ನನ್ನು ಕೇಳುತ್ತಾಳಲ್ಲ ಎಂದು ನಗು ಬಂತು. ಆದರೆ ಆ ಬಿಸಿ ರಾಗಿಯ ವಾಸನೆಗೋ ಏನೋ, ಗಿರಿಜತ್ತೆ ನೆನಪಾದರು. ನಗು ಅಲ್ಲಿಗೇ ನಿಂತಿತು.

ಎಂಬತ್ತರ ದಶಕದ ಮಾತು. ನಾನು ಇದೇ ಮಹಾನಗರದ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತ; ಇದ್ದದ್ದು ಸಯನ್ನಿನ ಚಾಳಿನಲ್ಲಿ, ಸೋದರಮಾವನ ಮನೆಯಲ್ಲಿ. ಕುಂದಾಪುರದ ಕಡೆಯಿಂದ ಬಂದ ವಾಸುಮಾವ ಆಸ್ಪತ್ರೆಯೊಂದರ ಎದುರಿನ ರಸ್ತೆಯಲ್ಲಿ ಪುಟ್ಟ ಹೋಟೆಲು ಇಟ್ಟಿದ್ದರು. ಗಲ್ಲಾದಲ್ಲಿ ಮಾವ, ಒಳಗೆ ಒಲೆಯ ಹತ್ತಿರ ಗಿರಿಜತ್ತೆ. ಅವರಿಗೆ ಮಕ್ಕಳಿರಲಿಲ್ಲ. ಆ ಕೊರತೆಯನ್ನು ನಾನು ಹೊಟ್ಟೆಯ ಮೂಲಕ ತುಂಬುತ್ತಿದ್ದೆ. ನಾನು ತಿಂದಷ್ಟು ದೋಸೆ ಗಿರಾಕಿಗಳು ತಿಂದಿದ್ದರೆ ಮಾವ ಸಾಂತಾಕ್ರೂಜಿನಲ್ಲಿ ಬಿಲ್ಡಿಂಗನ್ನೇ ಕಟ್ಟಿಸುತ್ತಿದ್ದರೇನೋ. ಆದರೆ ಗಿರಾಕಿಗಳು ಬರುತ್ತಿರಲಿಲ್ಲ. ಮೆಟ್ಟಿಲ ಬಳಿ ನಿಂತು, ಇಡ್ಲಿ ದೋಸೆ ವಡೆ ಎಂಬ ಬೋರ್ಡು ನೋಡಿ, ಮುಂದೆ ಹೋಗುತ್ತಿದ್ದರು.

ಒಂದು ದಿನ ಖಾಲಿ ಡಬ್ಬಾ ಹಿಡಿದ ಒಬ್ಬ ಮುದುಕ ಬಂದು, "ಪೇಷಂಟ್ ಕೇ ಲಿಯೇ ಕುಛ್ ಹಲ್ಕಾ ಖಾನಾ ಹೈ ಕ್ಯಾ?" ಎಂದು ಕೇಳಿದ. ರೋಗಿಗೆ ಹಗುರವಾದ ಊಟ ಬೇಕಿತ್ತು ಅವನಿಗೆ. ಮಾವ ಇಡ್ಲಿ ಇದೆ ಅಂದರು. ಮುದುಕ ತಲೆಯಾಡಿಸಿ ಹೊರಟುಹೋದ.

ಅತ್ತೆ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದರು. "ನಮ್ಮಲ್ಲಿ ದಿನಾ ಗಂಜಿ ಉಂಟಲ್ಲ! ಅವರು ಕೇಳುವ ಮಾತು ನಮ್ಮ ಬೋರ್ಡಿನಲ್ಲಿ ಇಲ್ಲ, ಅಷ್ಟೆ. ಏ ಮಾಣಿ, ನಿನ್ನ ಅಕ್ಷರ ಚೆಂದ, ಬರೆ."

ನಾನು ಬುದ್ಧಿವಂತಿಕೆ ತೋರಿಸಿದೆ. 'ಪೌಷ್ಟಿಕ ಪಥ್ಯಾಹಾರ' ಎಂದು ಬರೆಯೋಣ, ಘನವಾಗಿರುತ್ತದೆ ಅಂದೆ. ಅತ್ತೆ ನಕ್ಕುಬಿಟ್ಟರು. "ಮಗುವನ್ನು ಅಲ್ಲಿ ಮಲಗಿಸಿ ಓಡಿಬಂದವಳ ಬಾಯಲ್ಲಿ ಪಥ್ಯಾಹಾರ ಅಂತ ಬರ್ತದಾ? ಆ ಮುದುಕ ಕೇಳಿದ ಹಾಗೇ ಬರೆ."

ಹಾಗೇ ಬರೆದೆ, ಹಿಂದಿಯಲ್ಲಿ, ದಪ್ಪ ಅಕ್ಷರದಲ್ಲಿ: ಪೇಷಂಟ್ ಕೇ ಲಿಯೇ ಹಲ್ಕಾ ಖಾನಾ. ಆ ವಾರದಿಂದಲೇ ಜನ ಮೆಟ್ಟಿಲು ಹತ್ತತೊಡಗಿದರು. ಗಂಜಿ, ಹೆಸರುಬೇಳೆ ತಿಳಿ, ಮೆತ್ತಗಿನ ಅನ್ನ. ಡಬ್ಬಾ ತುಂಬಿಸಿಕೊಂಡು ಹೋಗುವವರ ಜೊತೆಗೇ ಇಡ್ಲಿ ತಿನ್ನುವವರೂ ಬಂದರು. ಮಾವನಿಗೆ ಖುಷಿಯ ಜೊತೆ ಏನೋ ಕಸಿವಿಸಿ.

"ಅಲ್ಲಿ ಮಂಚ ತುಂಬಿದರೆ ಇಲ್ಲಿ ನಮ್ಮ ಬೆಂಚು ತುಂಬುವುದಾ ಗಿರಿಜಾ?"

"ನಾವೇನು ಯಾರನ್ನೂ ಮಲಗಿಸಲಿಲ್ಲವಲ್ಲ. ಎದ್ದು ಕೂರಲಿ ಅಂತ ಬೇಯಿಸ್ತೇವೆ," ಅಂದರು ಅತ್ತೆ.

ಹೀಗೆ ಒಂದೆರಡು ವರ್ಷ ನಡೆಯಿತು. ಆಮೇಲೆ ಅತ್ತೆಗೇ ಹೊಟ್ಟೆನೋವು ಶುರುವಾಯಿತು. ಒಲೆಯ ಮುಂದೆ ನಿಂತೂ ನಿಂತೂ ಆದದ್ದು ಎಂದು ಅವರೇ ತಳ್ಳಿಹಾಕುತ್ತಿದ್ದರು. ಕೊನೆಗೆ ಎದುರಿನ ಆಸ್ಪತ್ರೆಗೇ ಸೇರಿಸಬೇಕಾಯಿತು. ಗೆಡ್ಡೆ ಎಂದರು; ತಡವಾಗಿತ್ತು.

ಮಾವ ತಾವೇ ಗಂಜಿ ಮಾಡಿ, ಡಬ್ಬಾ ಹಿಡಿದು, ರಸ್ತೆ ದಾಟಿ ಹೋಗುತ್ತಿದ್ದರು. ಅತ್ತೆ ಒಂದು ಚಮಚ ಬಾಯಿಗಿಟ್ಟು, "ಉಪ್ಪು ಜಾಸ್ತಿಯಾಯ್ತು ಮಾರಾಯ್ರೇ. ಬೇರೆ ಪೇಷಂಟಿಗೂ ಹೀಗೇ ಕೊಡ್ತಿದ್ದೀರಾ?" ಎಂದು ಗದರುತ್ತಿದ್ದರು. ಉಳಿದದ್ದನ್ನು ಪಕ್ಕದ ಮಂಚದವಳಿಗೆ ಕೊಡಿಸಿ, ಎಲ್ಲಿಯದು ಎಂದು ಕೇಳಿದರೆ ಕಿಟಕಿಯ ಕಡೆ ಕೈ ತೋರಿಸುತ್ತಿದ್ದರು. ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡರು.

ಕಾರ್ಯವೆಲ್ಲ ಮುಗಿದು ಹೋಟೆಲಿನ ಬಾಗಿಲು ತೆರೆದ ದಿನ, ಮಾವ ಮಾಡಿದ ಮೊದಲ ಕೆಲಸ ಆ ಬೋರ್ಡನ್ನು ಇಳಿಸಿದ್ದು. ಇಡ್ಲಿ, ಚಾ, ಅಷ್ಟೇ. ಮಾವ ಸತ್ತವರ ಮನೆಯ ಮುಖ ಹೊತ್ತು ಗಲ್ಲಾದಲ್ಲಿ ಕೂತಿರುತ್ತಿದ್ದರು. ಒಮ್ಮೆಯೂ ಅತ್ತದ್ದನ್ನು ನಾನು ನೋಡಿರಲಿಲ್ಲ.

ಕೆಲವು ದಿನಗಳ ಮೇಲೆ ಒಬ್ಬ ಮರಾಠಿ ಹೆಂಗಸು ಬಂದಳು. ಬೋರ್ಡಿದ್ದ ಜಾಗ ನೋಡಿ ಅನುಮಾನಿಸುತ್ತ, "ಪೇಷಂಟ್ ಕೇ ಲಿಯೇ ಹಲ್ಕಾ ಖಾನಾ... ಇಧರ್‌ಹೀ ಮಿಲ್ತಾ ಹೈ ನಾ? ವಾರ್ಡ್ ಮೇ ಏಕ್ ಬಾಯಿ ಬೋಲೀ ಥೀ," ಅಂದಳು. ಇಲ್ಲಿ ಸಿಗುತ್ತದೆಂದು ವಾರ್ಡಿನಲ್ಲಿ ಯಾರೋ ಹೆಂಗಸು ಹೇಳಿದ್ದಳಂತೆ.

ಮಾವ ಎದ್ದು ಒಳಗೆ ಹೋಗಿ ಅಕ್ಕಿ ತೊಳೆದರು. ಗಂಜಿ ಬೇಯುವತನಕ ಅಲ್ಲೇ ನಿಂತಿದ್ದು, ಡಬ್ಬಾ ತುಂಬಿಸಿ ಕಳಿಸಿ, ಹಿಟ್ಟಿನ ಚೀಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತರು.

ಬೋರ್ಡು ಮತ್ತೆ ಮೇಲೇರಲಿಲ್ಲ. ಏರುವ ಅಗತ್ಯವೂ ಬೀಳಲಿಲ್ಲ. ಮಾತು ಮಂಚದಿಂದ ಮಂಚಕ್ಕೆ ಹೋಗಿತ್ತು. "ಗುರುತಿಲ್ಲದವರೆಲ್ಲ ಬಂದು ಅವಳ ಮಾತನ್ನೇ ಆಡ್ತಾರೆ ಮಾರಾಯ. ಕೇಳಲೂ ಆಗುವುದಿಲ್ಲ, ಕೇಳದೆ ಇರಲೂ ಆಗುವುದಿಲ್ಲ," ಅನ್ನುತ್ತಿದ್ದರು ಮಾವ. ತೊಂಬತ್ತರ ಮೊದಲ ವರ್ಷಗಳಲ್ಲಿ ಹೋಟೆಲು ಬೇರೆಯವರ ಕೈಗೆ ಹೋಯಿತು. ಮಾವ ನನ್ನ ಜೊತೆ ದಹಿಸರಿಗೆ ಬಂದರು. ಹೆಚ್ಚು ಕಾಲ ಇರಲಿಲ್ಲ.

ಇಷ್ಟನ್ನೂ ನೇತ್ರಾಳಿಗೆ ಹೇಳಿದೆ. ಅವಳು ಅರ್ಧಕ್ಕರ್ಧ ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಆಮೇಲೆ ಫೋನು ತೆಗೆದು ಏನೋ ಹುಡುಕಿದಳು. ನಿನ್ನೆ ಯಾರೋ ಹುಡುಗಿ ಕಳಿಸಿದ ಮೆಸೇಜಂತೆ, ಅಪ್ಪನಿಗೆ ಏನೂ ತಿನ್ನಲಾಗುತ್ತಿಲ್ಲ, ಏನು ಕೊಡಬಹುದು ಎಂದು. ಓದಿದಳು: "ಪಾಪಾ ಕುಛ್ ಖಾ ನಹೀಂ ಪಾ ರಹೇ ಹೈಂ. ಕ್ಯಾ ದೇ ಸಕತೇ ಹೈಂ?"

"ಇದೇ ಸೈಟ್ ಮೇಲೆ ಹಾಕ್ಲಾ ಅಪ್ಪಾ? ಲೇಕಿನ್... ಅವಳ ದುಃಖ ಅಲ್ವಾ ಇದು?"

ಮಾವ ಬೋರ್ಡು ಇಳಿಸಿದ್ದನ್ನೂ ಕಂಡವನು, ಅತ್ತೆ ಅದನ್ನು ಬರೆಸಿದ್ದನ್ನೂ ಕಂಡವನು ನಾನು.

"ಅದು ಆಮೇಲೆ ನೋಡೋಣ. ಅವಳಿಗೆ ಜವಾಬು ಕೊಟ್ಟೆಯಾ?"

ಇಲ್ಲ ಎಂದು ತಲೆಯಾಡಿಸಿದಳು.

"ಮೊದಲು ಫೋನ್ ಮಾಡು," ಅಂದೆ.